ಹಿಂದಿನ ಸೀಟಿನ ಗಮನ

ಗಾಡಿ ಓಡಿಸುತ್ತ ಫೋನ್ ಮುಟ್ಟಿದನೆಂದು, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಸವಾರನನ್ನು ಕೆಲಸದಿಂದ ತೆಗೆದರು. ಅವನು ಮುಟ್ಟಿದ್ದು ಕಂಪನಿಯೇ ಮುಟ್ಟಬೇಕೆಂದು ಹೇಳಿದ್ದ ಗುಂಡಿಯನ್ನು. ಬಿದ್ದಾಗ ಅವನ ಹೆಗಲ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚು ಅವನದೇ ಎಂದರು.

ಸೂಜಿಯಕ್ಕನಿಗೆ ಈ ಸುದ್ದಿ ತಲುಪಿದ್ದು ಫೋನಿನ ಮೂಲಕವೇ. ಆಗ ಅವಳು ಒಂದು ಮನೆಯ ಸೋಫಾದ ತುದಿಯಲ್ಲಿ ಕೂತು, ಮುಖ ತಿರುಗಿಸಿಕೊಂಡಿದ್ದ ದಢೂತಿ ಆಸಾಮಿಯ ತೋಳಿನಲ್ಲಿ ನರ ಹುಡುಕುತ್ತಿದ್ದಳು. ಅವಳ ಕೆಲಸವೇ ಅದು. ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ, ರಕ್ತ ತೆಗೆದು, ಗಾಜಿನ ಕೊಳವೆಗೆ ಚೀಟಿ ಅಂಟಿಸಿ, ಐಸಿನ ಡಬ್ಬಿಯಲ್ಲಿಟ್ಟು, ಬಿಸಿಯಾಗುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಮೀಸೆಯದೂ ಅದೇ ಕೆಲಸ. ಲ್ಯಾಬಿನಲ್ಲಿ ಅಂಥವರು ಒಂದು ಹಿಂಡೇ ಇದ್ದರು. ಹೆಸರು ಹಿಡಿದು ಕರೆಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲವಾಗಿ, ಕಂಡದ್ದನ್ನೇ ಹೆಸರು ಮಾಡಿಕೊಂಡಿದ್ದರು.

ತೋಳಿಗೆ ಹತ್ತಿ ಒತ್ತಿ, ಬಾಗಿಲಾಚೆ ಬಂದು ಸಂದೇಶ ಓದಿದಳು. ಬರೆದವರು ಸುರಕ್ಷತಾ ಅಧಿಕಾರಿ. ಅವರನ್ನು ಎಲ್ಲರೂ ಜೋಪಾನ ಸಾರ್ ಎನ್ನುತ್ತಿದ್ದರು, ಯಾಕೆಂದರೆ ಅವರು ಏನೇ ಬರೆದರೂ ಕೊನೆಗೆ 'ಜೋಪಾನ' ಎಂದು ಸೇರಿಸುತ್ತಿದ್ದರು. 'ಇಂದು ನಮ್ಮ ಸಹೋದ್ಯೋಗಿಯೊಬ್ಬರನ್ನು ಬಿಡುಗಡೆ ಮಾಡಲಾಗಿದೆ. ಜೋಪಾನ.' ಹೆಸರು ಬರೆದಿರಲಿಲ್ಲ; ಆ ವಾರ ಬಿದ್ದವನು ಮೀಸೆ ಒಬ್ಬನೇ.

"ಏನಂತೆ?" ಸ್ಕೂಟರಿನ ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. ಅವರು ಇಳಿದೇ ಇರಲಿಲ್ಲ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಮೀಸೆನ ತೆಗೆದ್ರಂತೆ."

"ಅಯ್ಯೋ ಪಾಪ," ಎಂದರು ಅತ್ತೆ. ಆಮೇಲೆ ಕೈ ಚಾಚಿದರು. "ಫೋನ್ ಇತ್ಲಾಗೆ ಕೊಡು. ಹೊರಟ ತಕ್ಷಣ ಕೂಗುತ್ತೆ ಅದು."

ಅತ್ತೆಯ ಈ ಕೈ ಚಾಚುವಿಕೆ ಅರ್ಥವಾಗಬೇಕಾದರೆ ಆ ಗುಂಡಿಯ ಕತೆ ಹೇಳಬೇಕು.

ಗುಂಡಿ ಬಂದದ್ದು ಸುರಕ್ಷತೆಯ ಹೆಸರಿನಲ್ಲಿ. ಸವಾರರು ಗಾಡಿ ಓಡಿಸುವಾಗ ಫೋನಿನಲ್ಲಿ ಮುಳುಗಿರುತ್ತಾರೆ, ಅವರ ಮೇಲೆ ಕಣ್ಣಿಡಲು ಒಂದು ವ್ಯವಸ್ಥೆ ಬೇಕು ಎಂದು ಮೇಲಿನವರಿಗೆ ಹೊಳೆಯಿತು. ವ್ಯವಸ್ಥೆಯನ್ನು ಎಲ್ಲಿಡುವುದು? ಫೋನಿನಲ್ಲಿಟ್ಟರು.

ಹ್ಯಾಂಡಲ್ಲಿಗೆ ಕಚ್ಚಿಸಿದ ಫೋನು, ಗಾಡಿ ಓಡುತ್ತಿರುವಾಗ ಹೊತ್ತುಗೊತ್ತಿಲ್ಲದೆ ಟ್ಣಂಯ್ ಎನ್ನುತ್ತಿತ್ತು. ಪರದೆ ಹಳದಿಯಾಗುತ್ತಿತ್ತು. 'ನಿಮ್ಮ ಗಮನ ರಸ್ತೆಯ ಮೇಲಿದೆಯೇ?' ಎಂದು ಕೇಳುತ್ತಿತ್ತು. ಕೆಳಗೆ ಉಗುರಿನಷ್ಟಗಲ ಒಂದು ಹಸಿರು ಗುಂಡಿ, ಅದರ ಮೇಲೆ 'ಹೌದು, ಇದೆ.' ರಸ್ತೆಯಿಂದ ಕಣ್ಣು ಕಿತ್ತು, ಬ್ರೇಕಿನಿಂದ ಎಡಗೈ ಎತ್ತಿ ಆ ಗುಂಡಿ ಒತ್ತಿದರೆ ನಿಮ್ಮ ಗಮನ ರಸ್ತೆಯ ಮೇಲಿದೆ ಎಂದರ್ಥ; ಅಂಕ ಸಿಗುತ್ತಿತ್ತು. ರಸ್ತೆಯನ್ನೇ ನೋಡುತ್ತಿದ್ದರೆ ಪರದೆ ಕೆಂಪಾಗಿ 'ಗಮನಹೀನ' ಎಂಬ ಮುದ್ರೆ ಬೀಳುತ್ತಿತ್ತು. ಬದಿಗೆ ನಿಲ್ಲಿಸಿ ಒತ್ತೋಣವೆಂದರೆ ಅದೂ ಇಲ್ಲ. ಗಾಡಿ ನಿಂತ ಕೂಡಲೇ ಪ್ರಶ್ನೆ ಮಾಯವಾಗಿ 'ತಪ್ಪಿಸಿಕೊಂಡಿದ್ದಾರೆ' ಎಂದು ದಾಖಲಾಗುತ್ತಿತ್ತು. ಮುದ್ರೆ ಬಿದ್ದವರ ಪಾಲಿಗೆ ಮರುದಿನ ಲಿಫ್ಟಿಲ್ಲದ ಮನೆಗಳು, ನಾಯಿ ಬಿಟ್ಟ ಮನೆಗಳು, ರಕ್ತ ಕೊಡಲೊಲ್ಲದೆ ಮಂಚದ ಕೆಳಗೆ ಸೇರುವ ಮಕ್ಕಳಿರುವ ಮನೆಗಳು.

ಗುಂಡಿಗೆ ಕೈಗವಸು ಆಗುತ್ತಿರಲಿಲ್ಲ. ಹಾಗಾಗಿ ಸವಾರರೆಲ್ಲ ಎಡಗೈ ಗವಸಿನ ಹೆಬ್ಬೆರಳನ್ನು ಕತ್ತರಿಸಿಕೊಂಡರು. ಲ್ಯಾಬಿನ ಸವಾರರನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದಿತ್ತು: ಬಿಸಿಲಿಗೆ ಸುಟ್ಟ ಒಂದೇ ಒಂದು ಹೆಬ್ಬೆರಳು. ಬೆರಳು ಒದ್ದೆಯಾದರೂ ಗುಂಡಿ ಒಪ್ಪುತ್ತಿರಲಿಲ್ಲ. ಮಳೆಯ ದಿನ ಒಬ್ಬ ಬಗ್ಗಿ ಮೂಗಿನಲ್ಲಿ ಒತ್ತಿದ. ಅವನಿಗೆ ಅಂದಿನಿಂದ ಮೂಗ ಎಂದೇ ಹೆಸರಾಯಿತು; ಆದರೆ ಅಂಕ ಬಂತು.

ಮೊದಲ ವಾರವೇ ಸೂಜಿಯಕ್ಕ ಗುಂಡಿ ಒತ್ತಿ ಕಣ್ಣೆತ್ತುವಷ್ಟರಲ್ಲಿ, ತಳ್ಳುಗಾಡಿಯೊಂದರಲ್ಲಿ ಗೋಪುರ ಕಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟುಗಳಿಗೆ ನುಗ್ಗಿದಳು. ಎದ್ದು ನಿಂತಾಗ ಹೆಲ್ಮೆಟ್ಟಿನ ಮೇಲೊಂದು ಬಕೆಟ್ಟು ಕೂತಿತ್ತು. ಸುತ್ತಲಿದ್ದವರು ಫೋಟೋ ತೆಗೆದರು. ಬಕೆಟ್ಟು ತೆಗೆಯಲು ಯಾರೂ ಬರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಮೊಣಕೈಗೆ ಔಷಧ ಹಚ್ಚಿಕೊಳ್ಳುತ್ತ ಅತ್ತೆಯ ಮುಂದೆ ಇದನ್ನೆಲ್ಲ ಹೇಳಿದಳು. ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಮನೆಯಲ್ಲಿ ಹೇಳಿಕೊಳ್ಳಲು ಇದ್ದದ್ದು ಅತ್ತೆ ಒಬ್ಬರೇ. ಅತ್ತೆ ತಲೆ ನರೆಯುವವರೆಗೂ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಅಡುಗೆಮನೆಯಿಂದ ಹೊರಬರುವಾಗ "ಮುಂದೆ ನಡೀರಿ, ಮುಂದೆ ನಡೀರಿ" ಎನ್ನುವ ಚಾಳಿ ಬಿಟ್ಟಿರಲಿಲ್ಲ.

"ಡ್ರೈವರ್ ಕೈಲಿ ಟಿಕೆಟ್ ಹರಿಸ್ತಾರೇನೇ ಯಾರಾದ್ರೂ?" ಎಂದರು ಅತ್ತೆ. "ಒತ್ತೋದು ತಾನೇ? ನಾಳೆಯಿಂದ ನಾನ್ ಬರ್ತೀನಿ. ನೀನು ರೋಡ್ ನೋಡ್ಕೋ."

"ಹಿಂದೆ ಯಾರನ್ನೂ ಕೂರಿಸ್ಕೋಬಾರ್ದು ಅತ್ತೆ. ಗೊತ್ತಾದ್ರೆ ಕೆಲಸ ಹೋಗುತ್ತೆ."

"ಗೊತ್ತಾಗೋಕೆ ಅವರು ರೋಡಿಗೆ ಬರಬೇಕಲ್ಲ!"

ಹಾಗೆ ಶುರುವಾಯಿತು. ಲ್ಯಾಬಿನ ಹಿಂದಿನ ಬೀದಿಯ ಜೆರಾಕ್ಸ್ ಅಂಗಡಿಯೆದುರು ಅತ್ತೆ ಹತ್ತುತ್ತಿದ್ದರು, ಅಲ್ಲೇ ಇಳಿಯುತ್ತಿದ್ದರು. ನಡುವೆ ಫೋನು ಅತ್ತೆಯ ಕೈಯಲ್ಲಿ. ಟ್ಣಂಯ್ ಎಂದರೆ ಮುಗಿಯಿತು, ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ. ಹಿಂದಿನ ಸೀಟಿನಿಂದ "ರೈಟ್ ರೈಟ್" ಎಂಬ ಘೋಷ ಬೇರೆ. ರಕ್ತ ಕೊಡುವ ಮನೆಗಳಲ್ಲಿ ಕೆಲವರು, ಹೆಲ್ಮೆಟ್ಟು ಹಾಕಿಕೊಂಡೇ ಗಂಭೀರವಾಗಿ ಕೂತಿರುವ ಆ ಹಿರಿಯ ಹೆಂಗಸನ್ನು ಕಂಡು ದೊಡ್ಡ ಡಾಕ್ಟರೇ ಬಂದಿದ್ದಾರೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅತ್ತೆ ಬೇಡವೆನ್ನುತ್ತಿರಲಿಲ್ಲ.

ಎರಡು ಟ್ಣಂಯ್‌ಗಳ ನಡುವೆ ಅತ್ತೆಗೆ ಬೇರೆ ಕೆಲಸವೂ ಇತ್ತು. ಧಾರಾವಾಹಿಯ ತುಣುಕು ನೋಡುವುದು, ತಂಗಿಯ ಜೊತೆ ಬೀಗರ ಮೇಲೆ ಚಾಡಿ ಹೇಳುವುದು, ಊರಿನವರಿಗೆಲ್ಲ 'ಶುಭದಿನ' ಕಳಿಸುವುದು. ಒಟ್ಟಿನಲ್ಲಿ ಆ ಊರಿನ ರಸ್ತೆಗಳಲ್ಲಿ ಫೋನಿನಲ್ಲಿ ಅತಿ ಹೆಚ್ಚು ಮುಳುಗಿದ್ದವರು ಅತ್ತೆ. ರಸ್ತೆಯನ್ನು ಬಿಟ್ಟು ಬೇರೇನನ್ನೂ ನೋಡದೆ ಓಡಿಸುತ್ತಿದ್ದವಳು ಸೊಸೆ. ಲೆಕ್ಕದಲ್ಲಿ ಎರಡೂ ಸೇರಿ ನೂರಕ್ಕೆ ನೂರು.

ಸೂಜಿಯಕ್ಕ ರಸ್ತೆ ನೋಡಲು ಶುರುಮಾಡಿದ ಮೇಲೆಯೇ ರಸ್ತೆಯಲ್ಲಿ ಏನು ನಡೆಯುತ್ತಿದೆ ಎಂದು ಅವಳಿಗೆ ಕಂಡದ್ದು. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನು ತುರುಕಿಕೊಂಡು ಜಗಳವಾಡುತ್ತ ಹೋಗುವವರು. ಕತ್ತು ಹೆಗಲಿಗೆ ಅಂಟಿಸಿಕೊಂಡೇ ತಿರುವು ತೆಗೆದುಕೊಂಡು, ತಿರುವು ಮುಗಿದರೂ ಕತ್ತು ನೆಟ್ಟಗಾಗದವರು. ಸಿಗ್ನಲ್ಲು ಹಸಿರಾದರೂ ತೊಡೆಯ ನಡುವೆ ನೋಡಿಕೊಂಡು ನಗುತ್ತಿರುವವರು. ದಾರಿ ಕೇಳಲು ಪಕ್ಕದಲ್ಲಿ ನೂರು ಜನ ಇದ್ದರೂ ಮೂರು ಇಂಚಿನ ಬಾಣವನ್ನು ನಂಬಿ ಮೋರಿಯವರೆಗೂ ಹೋಗುವವರು. ಕಣ್ಣಿದ್ದೂ ಯಾರೂ ರಸ್ತೆಯಲ್ಲಿರಲಿಲ್ಲ.

ಮೀಸೆ ಬಿದ್ದದ್ದೂ ಅಂಥ ಹೊತ್ತಿನಲ್ಲೇ. ನೀರಿನ ಟ್ಯಾಂಕರೊಂದು ತಿರುವಿನಲ್ಲಿ ನಿಂತುಬಿಟ್ಟಿತ್ತು, ಅದೇ ಗಳಿಗೆಗೆ ಫೋನು ಟ್ಣಂಯ್ ಎಂದಿತ್ತು, ಎಡಗೈ ಬ್ರೇಕಿನ ಮೇಲಿರಬೇಕಾದದ್ದು ಗುಂಡಿಯ ಮೇಲಿತ್ತು. ಅಷ್ಟೇ. ಅವನ ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಅದನ್ನೆಲ್ಲ ವಿಡಿಯೋ ಮಾಡಿದ್ದ. ಒಂದು ಕೈಯಲ್ಲಿ ಹ್ಯಾಂಡಲ್ಲು, ಒಂದು ಕೈಯಲ್ಲಿ ಫೋನು ಹಿಡಿದು, ಓಡಿಸುತ್ತಲೇ. ಆ ವಿಡಿಯೋ ಕಂಪನಿಗೆ ಸಾಕ್ಷಿಯಾಯಿತು. ಮೀಸೆ ಫೋನ್ ಮುಟ್ಟಿದ್ದು ಅದರಲ್ಲಿ ಸ್ಪಷ್ಟವಾಗಿತ್ತು. ವಿಡಿಯೋ ತೆಗೆದವನು ಯಾವ ಕೈಯಲ್ಲಿ ಓಡಿಸುತ್ತಿದ್ದ ಎಂದು ಯಾರೂ ಕೇಳಲಿಲ್ಲ.

ಮೀಸೆ ಇನ್ನೂ ಟ್ಯಾಂಕರಿನ ಚಕ್ರದ ಬಳಿ ಬಿದ್ದಿದ್ದಾಗ ಜೋಪಾನ ಸಾರ್ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ: "ಸ್ಯಾಂಪಲ್ ಚೆನ್ನಾಗಿದೆಯಾ?"

ಚೆನ್ನಾಗಿತ್ತು. ಒಂದು ಕೊಳವೆಯೂ ಒಡೆದಿರಲಿಲ್ಲ.

ಕೆಲಸದಿಂದ ತೆಗೆದದ್ದು ಯಾಕೆಂದು ಮೀಸೆ ಬಿಡದೆ ಕೇಳಿದ ಮೇಲೆ ಒಂದು ವಿಚಾರಣೆ ಎಂದು ಮಾಡಿದರು. ಲ್ಯಾಬಿನ ಮೇಲ್ಮಹಡಿಯಲ್ಲಿ, ಗಾಜಿನ ಬಾಗಿಲ ತಣ್ಣನೆಯ ಕೋಣೆಯಲ್ಲಿ. ಸೂಜಿಯಕ್ಕನನ್ನೂ ಕರೆಸಿದರು. ಯಾಕೆಂದು ಹೇಳಲಿಲ್ಲ.

ಮೀಸೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಪಕ್ಕದ ಮನೆಯವರ ಮದುವೆಗೆ ಬಂದವನಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಜೋಪಾನ ಸಾರ್ ಎದುರಿಗೆ, ಮೇಜಿನ ಕೆಳಗೆ ತಮ್ಮ ಫೋನು ನೋಡಿಕೊಳ್ಳುತ್ತ.

"ನೋಡಪ್ಪ, ನೀನು ಓಡಿಸ್ತಾ ಫೋನ್ ಮುಟ್ಟಿದೀಯ."

"ನಿಮ್ಮ ಬಟನ್ ಒತ್ತೋಕೆ ಹೋಗಿ ಬಿದ್ದೆ ಸಾರ್."

"ನಿಲ್ಲಿಸಿ ಒತ್ತಬೇಕಿತ್ತು."

"ನಿಲ್ಲಿಸಿದ್ರೆ ತಪ್ಪಿಸಿಕೊಂಡ ಅಂತ ಬರುತ್ತೆ ಸಾರ್."

"ಹಾಗಾದ್ರೆ ಓಡಿಸ್ತಾ ಒತ್ತಬೇಕು."

"ಅದನ್ನೇ ಮಾಡ್ದೆ ಸಾರ್."

"ಅದೇ ತಪ್ಪು ಅಂತ ಹೇಳ್ತಿರೋದು." ಜೋಪಾನ ಸಾರ್ ತಲೆ ಎತ್ತಿದರು. "ಏನಂದೆ?"

ಮೀಸೆ ಸೂಜಿಯಕ್ಕನ ಮುಖ ನೋಡಿದ. ಅವಳು ಗೋಡೆ ನೋಡಿದಳು.

"ಬಟನ್ನಿಂದಲೇ ಬಿದ್ದೆ ಅಂತೀಯ. ಇಲ್ಲಿ ನೋಡು." ಜೋಪಾನ ಸಾರ್ ಗೋಡೆಯ ದೊಡ್ಡ ಪರದೆಯನ್ನು ತೋರಿಸಿದರು. ಅದರಲ್ಲಿ ಸೂಜಿಯಕ್ಕನ ಗುರುತಿನ ಚೀಟಿಯ ಫೋಟೋ, ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ನೂರಕ್ಕೆ ನೂರು. "ಅದೇ ಬಟನ್. ಅದೇ ರೋಡು. ಹೆಂಗಸು. ಒಂದೇ ಒಂದ್ಸಲ ತಪ್ಪಿಲ್ಲ, ಒಂದೇ ಒಂದ್ಸಲ ಬಿದ್ದಿಲ್ಲ. ಅಕ್ಕನ ಕೈಲಿ ಆಗೋದು ನಿನ್ನ ಕೈಲಿ ಯಾಕಾಗಲ್ಲ? ಬಟನ್ ತಪ್ಪೋ, ನೀನು ತಪ್ಪೋ?"

ಬಕೆಟ್ಟುಗಳ ವಿಷಯ ಲ್ಯಾಬಿಗೆ ಗೊತ್ತಿರಲಿಲ್ಲ.

"ಹೇಳಿ ಅಕ್ಕಾ," ಎಂದರು ಜೋಪಾನ ಸಾರ್, "ಬಟನ್ನಿಂದ ನಿಮಗೇನಾದ್ರೂ ತೊಂದರೆ ಆಗಿದೆಯಾ?"

ನಿಜ ಹೇಳಿದರೆ ಕೆಲಸ ಹೋಗುತ್ತದೆ. ಲಾರಿಯವನ ಸಂಬಳದಲ್ಲಿ ಮನೆಯ ಬಾಡಿಗೆ ಕಟ್ಟಿದರೆ ಹೊಟ್ಟೆಗಿಲ್ಲ, ಹೊಟ್ಟೆಗೆ ಹಾಕಿದರೆ ಸೂರಿಲ್ಲ. "ಇಲ್ಲ ಸಾರ್," ಎಂದಳು ಸೂಜಿಯಕ್ಕ. ಬಕೆಟ್ಟುಗಳನ್ನು ಬಿಟ್ಟರೆ ಸುಳ್ಳೂ ಅಲ್ಲ. ಆಮೇಲೆ ಅವಳು ಒತ್ತಿದ್ದರೆ ತಾನೇ ತೊಂದರೆ.

"ವಿಮೆಯವರಿಗೂ ಇದನ್ನೇ ಕಳಿಸ್ತೀವಿ, ತಪ್ಪು ಇವನದೇ ಆದ್ರೆ ಅವರು ದುಡ್ಡು ಕೊಡೋ ಹಾಗಿಲ್ಲ," ಎಂದು ಜೋಪಾನ ಸಾರ್ ಎದ್ದರು. "ಜೋಪಾನ."

ಅದಾಗಿ ಎರಡು ದಿನ ಕಳೆಯಿತು. ಕೊನೆಗೆ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಮೀಸೆಯ ಮನೆಗೆ ಹೋದಳು. ಅತ್ತೆಯನ್ನು ಜೆರಾಕ್ಸ್ ಅಂಗಡಿಯೆದುರೇ ಇಳಿಸಿ, ಬಸ್ಸಿನಲ್ಲಿ ಮನೆಗೆ ಹೋಗಿ ಎಂದಳು. "ನನಗೆ ಬಸ್ಸು ಹೇಳಿಕೊಡ್ತೀಯ?" ಎಂದರು ಅತ್ತೆ.

ಒಂದೇ ಕೋಣೆ. ಕಿಟಕಿಯ ಬಳಿ ಮೀಸೆಯ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅಂಗಿಯ ಕಾಲರುಗಳ ಒಂದು ರಾಶಿ ಹೊಲಿದದ್ದು, ಇನ್ನೊಂದು ರಾಶಿ ಹೊಲಿಯಬೇಕಾದದ್ದು. ಒಳಬಂದವಳನ್ನು ನೋಡಿ ಯಂತ್ರ ನಿಲ್ಲಿಸಲಿಲ್ಲ.

"ಬನ್ನಿ, ನೂರಕ್ಕೆ ನೂರು," ಎಂದಳು. "ಕೂತ್ಕೊಳಿ. ಕುರ್ಚಿ ಇಲ್ಲ. ನೆಲದ ಮೇಲೆ ಕೂತ್ರೆ ಅಂಕ ಕಮ್ಮಿ ಆಗಲ್ಲ ತಾನೆ?"

"ಲೇ, ಸುಮ್ನಿರೇ," ಎಂದ ಮೀಸೆ ಮಂಚದಿಂದ. ಅವನ ಮೀಸೆ ಒಂದು ಕಡೆ ಮಾತ್ರ ನೆಟ್ಟಗಿತ್ತು. ಒಂದೇ ಕೈಯಲ್ಲಿ ಕತ್ತರಿ ಹಿಡಿಯಲು ಇನ್ನೂ ಕಲಿತಿರಲಿಲ್ಲ. "ಬಾ ಅಕ್ಕಾ. ನಿನ್ನನ್ನೇ ಕೇಳಬೇಕು ಅಂತಿದ್ದೆ. ಇಲ್ನೋಡು."

ಮಂಚದ ಕಂಬಿಗೆ ಅವನು ಒಂದು ಬೆಂಕಿಪೊಟ್ಟಣವನ್ನು ರಬ್ಬರಿನಿಂದ ಕಟ್ಟಿದ್ದ. ಸ್ಕೂಟರಿನ ಹ್ಯಾಂಡಲ್ಲು ಎಷ್ಟು ದೂರದಲ್ಲಿರುತ್ತದೋ ಸರಿಯಾಗಿ ಅಷ್ಟೇ ದೂರದಲ್ಲಿ. ಎದುರಿನ ಗೋಡೆಯನ್ನು ದಿಟ್ಟಿಸಿ ನೋಡುತ್ತ, ಕಟ್ಟಿದ ಕೈಯ ಬೆರಳುಗಳನ್ನು ಮೆಲ್ಲಗೆ ಚಾಚಿ, ಹಲ್ಲು ಕಚ್ಚಿ, ಹೆಬ್ಬೆರಳಿನಿಂದ ಪೊಟ್ಟಣವನ್ನು ತಟ್ಟಿದ. ಪೊಟ್ಟಣಕ್ಕೆ ತಾಗಲಿಲ್ಲ, ಕಂಬಿಗೆ ತಾಗಿತು.

"ನೋಡದೆ ಒತ್ತೋಕೆ ಕಲೀತಿದೀನಿ. ನೀನು ಹಾಗೇ ತಾನೇ ಮಾಡೋದು? ಕಣ್ಣು ರೋಡ್ ಮೇಲೆ, ಬೆರಳು ಬಟನ್ ಮೇಲೆ. ಹೇಗಕ್ಕಾ? ಮಣಿಕಟ್ಟು ತಿರುಗಿಸ್ತೀಯಾ? ಕಲಿತು ತೋರಿಸಿದ್ರೆ ವಾಪಸ್ ತಗೋಬಹುದೇನೋ. ತಪ್ಪು ನಂದೇ ಇರಬೇಕು. ಇಲ್ದೆ ಇದ್ರೆ ನಿನಗೆ ಹೇಗೆ ಆಗುತ್ತೆ?"

ಹೊಲಿಗೆ ಯಂತ್ರ ನಿಂತಿತು.

ಸೂಜಿಯಕ್ಕ ಬೆಂಕಿಪೊಟ್ಟಣವನ್ನೇ ನೋಡುತ್ತ ಕೂತಳು. ಜೋಪಾನ ಸಾರ್ ಎಂಥ ಮಾತಾಡಿದ್ದರೂ ಅವಳಿಗೆ ಇಷ್ಟು ತಾಗಿರಲಿಲ್ಲ. ತೆಗೆದವರನ್ನು ಬಯ್ಯಬೇಕಾದ ಮನುಷ್ಯ ತನ್ನ ಹೆಬ್ಬೆರಳನ್ನು ಬಯ್ದುಕೊಳ್ಳುತ್ತಿದ್ದ. ಹಾಗೆ ಬಯ್ದುಕೊಳ್ಳಲು ಅವನಿಗೆ ಕಾರಣ ಕೊಟ್ಟವಳು ತಾನು.

"ಆಮೇಲೆ ಹೇಳಿಕೊಡ್ತೀನಿ ಕಣೋ," ಎಂದು ಎದ್ದುಬಂದಳು.

ಮನೆಗೆ ಬಂದಾಗ ಅತ್ತೆ ಟಿವಿಯ ಪಕ್ಕದ ಜಾಗ ಒರೆಸುತ್ತಿದ್ದರು. ಹೂದಾನಿ, ಗಡಿಯಾರ, ಮಗನ ಫೋಟೋ ಎಲ್ಲ ಒತ್ತಟ್ಟಿಗೆ ಸರಿದಿದ್ದವು.

"ಕಪ್ಪಿಗೆ ಜಾಗ ಮಾಡ್ತಿದೀನಿ," ಎಂದರು. "ನಿನ್ನ ಫೋನಿಗೆ ಬಂದಿದೆ ನೋಡು, ಬೆಳಿಗ್ಗೆ ಗಾಡಿ ಮೇಲೇ ಓದಿದೆ. ನಾಡಿದ್ದು ಗಮನದ ದಿನ ಅಂತೆ, ನೂರಕ್ಕೆ ನೂರು ಬಂದೋರಿಗೆ ಬಹುಮಾನದ ಕಪ್ಪು. ವಿಮೆ ಸಾಹೇಬರೂ ಬರ್ತಾರಂತೆ. ನೀನು ನಾಲ್ಕು ಮಾತು ಓದಬೇಕು, ಆಮೇಲೆ ಒಂದು ರೌಂಡು ಓಡಿಸಿ, ಒತ್ತಿ ತೋರಿಸಬೇಕು. ಬರೆದೂ ಕಳಿಸಿದಾರೆ."

ಸೂಜಿಯಕ್ಕ ಓದಿದಳು. 'ನನ್ನ ಸಹೋದ್ಯೋಗಿಯ ಅಜಾಗರೂಕತೆ ನಮಗೆಲ್ಲ ಪಾಠವಾಗಲಿ. ಬಟನ್ ಒತ್ತುವುದು ಉಸಿರಾಡಿದಷ್ಟು ಸುಲಭ.' ಕೆಳಗೆ ಜೋಪಾನ ಸಾರ್ ಬೇರೆಯಾಗಿ ಬರೆದಿದ್ದರು: 'ಅಕ್ಕಾ, ವಿಮೆಯವರ ಕಣ್ಣೆದುರು ಇದೊಂದು ರೌಂಡ್ ಆದರೆ ಮೀಸೆ ಕೇಸು ಮುಗಿಯಿತು. ಜೋಪಾನ.'

"ನಾನು ಹೇಳಿಬಿಡ್ತೀನಿ ಅತ್ತೆ," ಎಂದಳು. "ಒತ್ತಿದ್ದು ನಾನಲ್ಲ ಅಂತ."

ಅತ್ತೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. "ತಲೆ ಕೆಟ್ಟಿದೆಯೇನೇ? ಬಾಯ್ಬಿಟ್ರೆ ಇಬ್ಬರ ಕೆಲಸಾನೂ ಹೋಗುತ್ತೆ."

"ಮೀಸೆದು ಆಗ್ಲೇ ಹೋಗಿದೆಯಲ್ಲ."

"ಅವನದಲ್ಲ. ನಿಂದು, ನಂದು."

"ನಿಮ್ಮದ್ಯಾವ ಕೆಲಸ ಅತ್ತೆ?"

"ಒತ್ತೋರ್ಯಾರು ಮತ್ತೆ?" ಅತ್ತೆಗೆ ನಿಜವಾಗಿಯೂ ಕೋಪ ಬಂತು. "ನೂರು ಯಾರದ್ದೇ? ಬಿಸಿಲಲ್ಲಿ ಬೆನ್ನು ಮುರ್ಕೊಂಡು ಒತ್ತಿದ್ದು ನಾನು. ರಿಟೈರ್ ಆದ್ಮೇಲೆ ಮನೇಲಿ ಮೂಲೆ ಹಿಡಿದು ಕೂತಿದ್ದೆ, ಯಾರಾದ್ರೂ ಕೇಳಿದ್ರಾ? ಈಗ ಬೀದಿಯವರೆಲ್ಲ ಕೇಳ್ತಾರೆ, ಇವತ್ತೆಷ್ಟು ಬಂತು ಅಂತ. ಬಸ್ಸಲ್ಲಿ ಅಷ್ಟು ವರ್ಷ ನಿಂತೆ, ಒಂದು ಲೋಟ ಕೊಡಲಿಲ್ಲ ಪುಣ್ಯಾತ್ಮರು. ಈಗ ಕಪ್ಪು ಕೊಡ್ತಾರೆ ಅಂದ್ರೆ ನೀನು…"

"ಅವನು ಮಂಚಕ್ಕೆ ಬೆಂಕಿಪೊಟ್ಟಣ ಕಟ್ಕೊಂಡು ಒತ್ತೋದು ಕಲೀತಿದಾನೆ ಅತ್ತೆ. ಮುರಿದ ಕೈಲಿ."

ಅತ್ತೆ ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದರು.

ಗಮನದ ದಿನ ಲ್ಯಾಬಿನ ಹಿತ್ತಲ ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಳಸಿ ಬಿಸಾಕಿದ ಸೂಜಿಗಳ ಹಳದಿ ತೊಟ್ಟಿಗಳು ಕಾಣದಂತೆ ಒಂದು ಬ್ಯಾನರು. ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ: ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡಿ. ಸವಾರರೆಲ್ಲ ಬಂದಿದ್ದರು, ಬರದಿದ್ದರೆ ಮುದ್ರೆ ಬೀಳುತ್ತಿತ್ತು. ಮೀಸೆಯನ್ನೂ ಕರೆಸಿದ್ದರು, ನೋಡಿ ಕಲಿಯಲಿ ಎಂದು. ಅವನು ಹೆಂಡತಿಯೊಂದಿಗೆ ಕೊನೆಯ ಸಾಲಿನಲ್ಲಿ ನಿಂತಿದ್ದ. ಮುಂದಿನ ಸಾಲಿನ ನಟ್ಟನಡುವೆ ಅತ್ತೆ, ಇಸ್ತ್ರಿ ಮಾಡಿದ ಉಡುಪಿನಲ್ಲಿ. ಸಾಧಕಿಯ ಮನೆಯವರೆಂದು ಜೋಪಾನ ಸಾರ್ ಅವರೇ ಕೈಹಿಡಿದು ಕೂರಿಸಿದ್ದರು. ಮೇಜಿನ ಮೇಲೆ ಕಪ್ಪು ಹೊಳೆಯುತ್ತಿತ್ತು. ಅತ್ತೆಯ ಕಣ್ಣು ಅದರ ಮೇಲಿಂದ ಕದಲಿರಲಿಲ್ಲ.

ವಿಮೆಯ ಸಾಹೇಬರು ತಡವಾಗಿ ಬಂದು ಕೂತು, ಫೋನು ತೆಗೆದು ಬೆರಳಾಡಿಸತೊಡಗಿದರು. ಜೋಪಾನ ಸಾರ್ ಗಮನದ ಬಗ್ಗೆ ಭಾಷಣ ಮಾಡಿದರು. ನಡುವೆ ಎರಡು ಸಲ ನಿಲ್ಲಿಸಿ ಬಂದ ಕರೆಗೆ ಉತ್ತರಿಸಿದರು. ಸವಾರರು ಭಾಷಣವನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತ ತಮ್ಮ ತಮ್ಮ ಪರದೆಯನ್ನು ನೋಡುತ್ತಿದ್ದರು.

"ಈಗ ಅಕ್ಕ ನಾಲ್ಕು ಮಾತು ಹೇಳ್ತಾರೆ."

ಸೂಜಿಯಕ್ಕ ಎದ್ದಳು. "ನನಗೆ ಮಾತು ಬರಲ್ಲ ಸಾರ್. ಓಡಿಸಿ ತೋರಿಸ್ತೀನಿ," ಎಂದಳು. ಜೋಪಾನ ಸಾರ್ ನಕ್ಕರು. "ಮಾತು ಕಮ್ಮಿ, ಕೆಲಸ ಜಾಸ್ತಿ! ಇದಪ್ಪ ಗಮನ ಅಂದ್ರೆ!" ಚಪ್ಪಾಳೆ ಬಿತ್ತು.

ಅವಳು ಸ್ಕೂಟರು ಏರಿದಳು. ಫೋನು ಹ್ಯಾಂಡಲ್ಲಿನಲ್ಲಿತ್ತು; ವಿಡಿಯೋ ಚೆನ್ನಾಗಿ ಬರಲೆಂದು ಅಂದು ಮಾತ್ರ, ಗಾಡಿ ನಿಂತರೂ ಪ್ರಶ್ನೆ ಮಾಯವಾಗದಂತೆ ಜೋಪಾನ ಸಾರ್ ಮಾಡಿಸಿದ್ದರು. ಕ್ಯಾಮೆರಾದವನು ಹಿಂದೆ ಹಿಂದೆ ನಡೆಯುತ್ತ ತೆಗೆಯತೊಡಗಿದ. ಗಾಡಿ ಕುರ್ಚಿಗಳ ಪಕ್ಕದಲ್ಲಿ ಮೆಲ್ಲಗೆ ಸಾಗಿತು.

ಟ್ಣಂಯ್.

"ಒತ್ತಿ ಅಕ್ಕಾ!" ಎಂದರು ಜೋಪಾನ ಸಾರ್.

ಸೂಜಿಯಕ್ಕ ಬ್ರೇಕು ಹಿಡಿದಳು. ಎರಡೂ ಕಾಲು ನೆಲಕ್ಕೂರಿದಳು. ಫೋನನ್ನು ಹ್ಯಾಂಡಲ್ಲಿನಿಂದ ಕಿತ್ತು ಮುಂದಿನ ಸಾಲಿನತ್ತ ಚಾಚಿದಳು.

"ಬನ್ನಿ ಅತ್ತೆ," ಎಂದಳು. "ಹತ್ತಿ."

ಅತ್ತೆ ಕಪ್ಪು ನೋಡಿದರು. ಸೊಸೆಯನ್ನು ನೋಡಿದರು. ಹಿಂದೆ ತಿರುಗಿ, ಕೊನೆಯ ಸಾಲಿನಲ್ಲಿ ಕೊರಳಿಗೆ ಕೈ ಕಟ್ಟಿಕೊಂಡು ನಿಂತವನನ್ನು ನೋಡಿದರು. ಆಮೇಲೆ, ಪುರಸೊತ್ತಾಗಿ, ಬಸ್ಸಿಗೆ ಕೊನೆಯವರಾಗಿ ಹತ್ತುವವರ ಹಾಗೆ ಎದ್ದು ಬಂದು, ಸೊಸೆಯ ಹೆಗಲು ಹಿಡಿದು ಹಿಂದಿನ ಸೀಟಿಗೇರಿ ಫೋನು ತೆಗೆದುಕೊಂಡರು.

"ಇದೇನು?" ಎಂದರು ಜೋಪಾನ ಸಾರ್.

"ನೂರಕ್ಕೆ ನೂರು ಹೀಗೆ ಬಂದಿದ್ದು ಸಾರ್. ನಾನು ರೋಡ್ ನೋಡ್ತೀನಿ. ಒತ್ತೋದು ನಮ್ಮತ್ತೆ. ಮೊದಲನೇ ವಾರ ನಾನೇ ಒತ್ತಿದ್ದೆ, ಬಕೆಟ್ ಗಾಡಿಗೆ ಹೋಗಿ ಬಿದ್ದೆ. ಮೀಸೆಗೆ ಅತ್ತೆ ಇಲ್ಲ, ಟ್ಯಾಂಕರಿಗೆ ಬಿದ್ದ."

ಮೊದಲು ನಕ್ಕವನು ಮೂಗ. ಆಮೇಲೆ ಇಡೀ ಹಿತ್ತಲು ನಕ್ಕಿತು. ಕೊನೆಯ ಸಾಲಿನಲ್ಲಿ ಮೀಸೆ ಮಾತ್ರ ನಗಲಿಲ್ಲ. ತನ್ನ ಎಡಗೈ ಹೆಬ್ಬೆರಳನ್ನು ಹೊಸದಾಗಿ ಕಂಡವನಂತೆ ನೋಡಿಕೊಳ್ಳುತ್ತಿದ್ದ. ಗದ್ದಲಕ್ಕೆ ವಿಮೆಯ ಸಾಹೇಬರು ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತಿದರು.

"ಏನಾಯ್ತು? ಹಾಗಾದ್ರೆ ಓಡಿಸ್ತಾ ತಾವೇ ಒತ್ತೋರು ಯಾರು?"

"ನಾನು ಸಾರ್," ಎಂದ ಮೀಸೆ ಹಿಂದಿನಿಂದ.

"ನಾನೂ ಸಾರ್," ಎಂದ ಮೂಗ. ಒಂದೊಂದಾಗಿ ಕರಿ ಹೆಬ್ಬೆರಳುಗಳು ಮೇಲೆದ್ದವು.

ಜೋಪಾನ ಸಾರ್ ಬೆವರಿದರೂ ಬುದ್ಧಿ ಬೆವರಲಿಲ್ಲ. ಕ್ಯಾಮೆರಾದವನನ್ನು ಹತ್ತಿರ ಕರೆದರು. ಸ್ಕೂಟರಿನ ಬಳಿ ಬಂದು, ದನಿ ತಗ್ಗಿಸಿ, ಅತ್ತೆಯ ಕಡೆ ಬಗ್ಗಿದರು.

"ಅಜ್ಜಿ, ಪರವಾಗಿಲ್ಲ. ಒಂದೇ ಒಂದ್ಸಲ ಒತ್ತಿಬಿಡಿ. ಬರೀ ಬೆರಳು ಮಾತ್ರ ತೆಗೀತೀವಿ. ಮುಖ ಕಾಣಲ್ಲ. ಕಪ್ಪು ನಿಮಗೇ."

"ಬೆರಳು ಯಾರದ್ದು ಅಂತ ಹಾಕ್ತೀಯಪ್ಪ?"

"ಅಕ್ಕಂದು ಅಂತ."

"ಗಾಡಿ ನಿಂತಿದೆಯಲ್ಲ?"

"ಓಡೋ ಹಾಗೆ ಆಮೇಲೆ ಮಾಡ್ಕೋತೀವಿ."

"ಆ ಮೀಸೆ ಹುಡುಗ?"

"ಅವನ ಕತೆ ಬಿಡಿ ಅಜ್ಜಿ. ಒತ್ತಿ, ಒತ್ತಿ, ಕೆಂಪಾಗ್ತಿದೆ."

ಫೋನು ಅತ್ತೆಯ ಅಂಗೈಯಲ್ಲಿ ಅರಚುತ್ತಿತ್ತು. ಅತ್ತೆಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೇಲೆದ್ದಿತ್ತು, ಅದಕ್ಕೆ ರೂಢಿಯಾಗಿಬಿಟ್ಟಿತ್ತು. ಸೂಜಿಯಕ್ಕ ಕನ್ನಡಿಯಲ್ಲಿ ಆ ಬೆರಳನ್ನೇ ನೋಡುತ್ತಿದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ನೂರು ಅತ್ತೆಯದು.

"ಡ್ರೈವರಮ್ಮ," ಎಂದರು ಅತ್ತೆ. ಮದುವೆಯಾಗಿ ಬಂದಂದಿನಿಂದ ಅತ್ತೆ ಸೊಸೆಯನ್ನು ಕೇಳಿ ಮಾಡಿದ ಕೆಲಸ ಒಂದೂ ಇರಲಿಲ್ಲ. "ಏನ್ ಹೇಳ್ತೀಯ?"

"ಬೇಡ ಅತ್ತೆ."

ಅತ್ತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. "ಕೇಳಿಸ್ತೇನಪ್ಪ? ಒತ್ತಲ್ಲ."

ಪರದೆ ಕೆಂಪಾಯಿತು. ಗಮನಹೀನ ಎಂಬ ಮುದ್ರೆ, ಮೊಟ್ಟಮೊದಲ ಬಾರಿಗೆ, ನೂರಕ್ಕೆ ನೂರರ ಮೇಲೆ ಬಿತ್ತು. ಅತ್ತೆ ಅದನ್ನೊಮ್ಮೆ ನೋಡಿ ಫೋನನ್ನು ಮಗುಚಿ ಹಿಡಿದರು.

ಜೋಪಾನ ಸಾರ್ ನೆಟ್ಟಗಾದರು. ಈಗ ದನಿ ತಗ್ಗಿಸಲಿಲ್ಲ. "ಅಜ್ಜಿ, ಇಳೀರಿ. ಅಕ್ಕಾ, ಫೋನ್ ಹ್ಯಾಂಡಲ್ಲಿಗೆ ಹಾಕಿ. ಇನ್ನೊಂದು ರೌಂಡ್ ಓಡಿಸಿ. ಈ ಸಲ ಕೂಗಿದಾಗ ನೀವೇ ಒತ್ತಬೇಕು. ನಾಳೆ ಕೆಲಸಕ್ಕೆ ಬರೋ ಆಸೆ ಇದ್ರೆ ಒತ್ತಬೇಕು."

ಸೂಜಿಯಕ್ಕ ಗಾಡಿ ಶುರುಮಾಡಿದಳು. ಅತ್ತೆ ಇಳಿಯಲಿಲ್ಲ. ಹಿಂದಿನಿಂದ ಮೆಲ್ಲಗೆ "ರೈಟ್" ಎಂಬ ದನಿ ಬಂತು.

"ಗಾಡಿ ಓಡಿಸೋವಾಗ ನಾನು ಫೋನ್ ಮುಟ್ಟಲ್ಲ ಸಾರ್," ಎಂದಳು ಸೂಜಿಯಕ್ಕ. "ನೀವೇ ಬರೆಸಿದೀರಲ್ಲ, ಅಷ್ಟು ದಪ್ಪಕ್ಷರದಲ್ಲಿ."